ಬೆಸುಗೆಯ ಒತ್ತಿಗಿರುವ ಉಕ್ಕು

ಬೆಸುಗೆ ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸುವವರ ಕಣ್ಣು ಮೊದಲು ಹೋಗುವುದು ಕರಗಿ ಹೆಪ್ಪುಗಟ್ಟಿದ ಪಟ್ಟಿಯ ಮೇಲೆ. ಅದು ಸಮನಾಗಿದ್ದು, ತೂತುಗಳಿಲ್ಲದಿದ್ದರೆ ಸಮಾಧಾನ. ಆದರೆ ದೊಡ್ಡ ಅವಘಡಗಳ ಬೇರು ಎಷ್ಟೋ ಸಲ ಆ ಪಟ್ಟಿಯ ಒತ್ತಿಗಿರುವ ಉಕ್ಕಿನಲ್ಲಿ ಸಿಕ್ಕಿದೆ. ಅದು ಕರಗಿರುವುದಿಲ್ಲ, ವಿಪರೀತ ಕಾದಿರುತ್ತದೆ ಅಷ್ಟೇ. ಅದರ ಅಗಲ ಕೆಲವೇ ಮಿಲಿಮೀಟರ್.

ಬೆಸೆಯುವ ವಿದ್ಯುತ್ ಆರ್ಕ್ ಹಾದುಹೋಗುವಾಗ ಈ ಭಾಗದ ತಾಪ ಸಾವಿರ ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆರ್ಕ್ ಮುಂದೆ ಸರಿದ ಕೂಡಲೇ ಸುತ್ತಲಿನ ತಣ್ಣನೆಯ ದಪ್ಪ ಪ್ಲೇಟು ಆ ಬಿಸಿಯನ್ನೆಲ್ಲ ಹೀರಿಕೊಳ್ಳುತ್ತದೆ. ಕಮ್ಮಾರ ಕೆಂಪಗೆ ಕಾದ ಉಳಿಯನ್ನು ನೀರಿಗೆ ಅದ್ದಿದಾಗ ಆಗುವುದೇ ಇಲ್ಲೂ ಆಗುತ್ತದೆ. ಇಂಗಾಲದ ಪರಮಾಣುಗಳಿಗೆ ಸರಿದುಕೊಳ್ಳಲು ಸಮಯ ಸಾಲದೆ ಮಾರ್ಟೆನ್‌ಸೈಟ್ ಎಂಬ ಗಡುಸಾದ, ಪೆಡಸಾದ ರಚನೆ ಹುಟ್ಟುತ್ತದೆ. ಉಳಿಗೆ ಬೇಕಾದ ಈ ಗಡಸುತನ ತೊಲೆಗೆ ಅಪಾಯ. ವೆಲ್ಡಿಂಗ್ ರಾಡಿನ ಲೇಪನ ತೇವವಾಗಿದ್ದರೆ ಇನ್ನೂ ಕಷ್ಟ. ನೀರು ಒಡೆದು ಹೈಡ್ರೋಜನ್ ಉಕ್ಕಿನೊಳಗೆ ಸೇರುತ್ತದೆ, ನಿಧಾನವಾಗಿ ಹರಿದು ಪೆಡಸಾದ ಜಾಗದಲ್ಲಿ ಬಿರುಕು ಬಿಡಿಸುತ್ತದೆ. ಈ ಬಿರುಕು ಬೆಸೆದ ಒಂದೆರಡು ದಿನಗಳ ನಂತರವೂ ಬರಬಹುದು. ಹೀಗೆ ಬಿರುಕು ಬಿಡಬಲ್ಲ ಉಕ್ಕಿನ ಅಂತಿಮ ತಪಾಸಣೆಗೆ 48 ಗಂಟೆ ಕಾಯಬೇಕೆಂದು ವೆಲ್ಡಿಂಗ್ ಸಂಹಿತೆಗಳು ಹೇಳುವುದು ಇದಕ್ಕೇ. ಕಾಯದೆ ಮಾಡಿದ ತಪಾಸಣೆಗೆ ಅರ್ಥವಿಲ್ಲ.

ಇದಕ್ಕೊಂದು ಉದಾಹರಣೆ ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಕಿಂಗ್ ಸ್ಟ್ರೀಟ್ ಸೇತುವೆ. ಅದು 1961ರಲ್ಲಿ ಸಂಚಾರಕ್ಕೆ ತೆರೆಯಿತು. 1962ರ ಜುಲೈ 10ರಂದು, ಅಲ್ಲಿನ ಚಳಿಗಾಲದ ಬೆಳಗ್ಗೆ, ಸುಮಾರು 45 ಟನ್ ತೂಕದ ವಾಹನವೊಂದು ಹಾದುಹೋಗುವಾಗ ಒಂದು ಅಂಕಣದ ತೊಲೆಗಳು ಸೀಳಿದವು. ಭಾರ ಸೇತುವೆಯ ಮಿತಿಯೊಳಗೇ ಇತ್ತು. ಅಡಿಯಲ್ಲಿ ಕಟ್ಟಿದ್ದ ಗೋಡೆಗಳು ತಡೆದದ್ದರಿಂದ ಅಂಕಣ ಪೂರ್ತಿ ಕುಸಿಯಲಿಲ್ಲ, ಯಾರೂ ಸಾಯಲಿಲ್ಲ. ತೊಲೆಯ ಕೆಳಪಟ್ಟಿಗೆ ಬಲ ಕೊಡಲು ಬೆಸೆದಿದ್ದ ಹೆಚ್ಚುವರಿ ಪ್ಲೇಟುಗಳ ತುದಿಯಲ್ಲೇ ಬಿರುಕು ಶುರುವಾಗಿತ್ತು. ಕೆಲವು ಬಿರುಕುಗಳೊಳಗೆ ಬಣ್ಣ ಸಿಕ್ಕಿತು. ಅಂದರೆ ಕಾರ್ಖಾನೆಯಲ್ಲಿ ಬಣ್ಣ ಬಳಿಯುವ ಮೊದಲೇ ಅವು ಬಾಯಿ ತೆರೆದಿದ್ದವು, ತಪಾಸಣೆ ಅವನ್ನು ಕಾಣದೆ ದಾಟಿಬಿಟ್ಟಿತ್ತು! ನನ್ನನ್ನು ಹೆಚ್ಚು ಕಲಕುವುದು ಈ ವಿವರವೇ.

ತೂಕ ಉಳಿಸಲು ಅಲ್ಲಿ ಮಾಮೂಲಿ ಉಕ್ಕಿನ ಬದಲು ಹೆಚ್ಚು ಬಲದ ಉಕ್ಕನ್ನು ಆರಿಸಿದ್ದರು. ಆ ಬಲ ಬಂದದ್ದು ಇಂಗಾಲ, ಮ್ಯಾಂಗನೀಸ್‌ಗಳಿಂದ. ಬೆಸುಗೆಯ ಪಕ್ಕದಲ್ಲಿ ಮಾರ್ಟೆನ್‌ಸೈಟ್ ಹುಟ್ಟಿಸುವುದೂ ಅವೇ. ಹೀಗಾಗಿ ಉಕ್ಕು ಆರಿಸುವಾಗ ಬಲದ ಅಂಕಿಯೊಂದನ್ನೇ ನೋಡಿದರೆ ಸಾಲದು. ಕಾರ್ಬನ್ ಈಕ್ವಿವಲೆಂಟ್ ಎಂಬ ಲೆಕ್ಕವೂ ಬೇಕು. ಇಂಗಾಲದ ಶೇಕಡಾ ಪ್ರಮಾಣಕ್ಕೆ ಮ್ಯಾಂಗನೀಸ್‌ನ ಆರನೇ ಒಂದು ಭಾಗ, ಕ್ರೋಮಿಯಂ, ಮಾಲಿಬ್ಡಿನಂ, ವನೇಡಿಯಂಗಳ ಮೊತ್ತದ ಐದನೇ ಒಂದು ಭಾಗ, ನಿಕಲ್ ಮತ್ತು ತಾಮ್ರದ ಮೊತ್ತದ ಹದಿನೈದನೇ ಒಂದು ಭಾಗ ಕೂಡಿಸಿದರೆ ಅದು ಸಿಗುತ್ತದೆ. ನಮ್ಮ ಐಎಸ್ 2062 ಮಾನಕದ ಇ250ಎ ದರ್ಜೆಗೆ ಇದರ ಮಿತಿ 0.42. ಈ ಅಂಕಿ ಏರಿದಷ್ಟೂ, ಪ್ಲೇಟು ದಪ್ಪವಾದಷ್ಟೂ ಬೆಸೆಯುವ ಮೊದಲು ಅದನ್ನು ಬಿಸಿ ಮಾಡಿಕೊಳ್ಳುವ ಅಗತ್ಯ ಹೆಚ್ಚುತ್ತದೆ. ಬಿಸಿ ಪ್ಲೇಟಿನಲ್ಲಿ ಬೆಸುಗೆ ನಿಧಾನವಾಗಿ ಆರುತ್ತದೆ, ಹೈಡ್ರೋಜನ್‌ಗೆ ಹೊರಹೋಗಲು ಬಿಡುವು ಸಿಗುತ್ತದೆ. 7018 ದರ್ಜೆಯ ವೆಲ್ಡಿಂಗ್ ರಾಡುಗಳನ್ನು ಓವನ್ನಿನಲ್ಲಿ ಒಣಗಿಸಿಡುವ ನಿಯಮದ ಉದ್ದೇಶವೂ ಹೈಡ್ರೋಜನ್ ತಗ್ಗಿಸುವುದೇ.

ಬೆಸೆದ ಮೇಲಿನ ಶಾಖೋಪಚಾರ ಬೇರೆ ಕೆಲಸ. ಆರುವಾಗ ಕುಗ್ಗಿದ ಲೋಹ ತನ್ನೊಳಗೆ ಎಳೆತ ಉಳಿಸಿಕೊಂಡಿರುತ್ತದೆ. ಮಾಮೂಲಿ ಕಾರ್ಬನ್ ಉಕ್ಕಾದರೆ ಸುಮಾರು 600 ಡಿಗ್ರಿಗೆ ಕಾಯಿಸಿ, 25 ಮಿಲಿಮೀಟರ್ ದಪ್ಪಕ್ಕೆ ಒಂದು ಗಂಟೆಯಂತೆ ಇಟ್ಟು, ಮೆಲ್ಲಗೆ ಆರಿಸಿದರೆ ಆ ಎಳೆತ ಬಹುಪಾಲು ಸಡಿಲವಾಗುತ್ತದೆ, ಪೆಡಸುತನವೂ ತಗ್ಗುತ್ತದೆ. ಇಲ್ಲಿ ಕುಲುಮೆಯ ಮೀಟರ್ ತೋರಿಸುವ ತಾಪ ಸಾಲದು, ಲೋಹವೇ ಆ ತಾಪ ಮುಟ್ಟಬೇಕು. ಇಂಗ್ಲೆಂಡಿನಲ್ಲಿ 1965ರ ಡಿಸೆಂಬರ್‌ನಲ್ಲಿ ಅಮೋನಿಯಾ ಸ್ಥಾವರಕ್ಕೆಂದು ತಯಾರಿಸಿದ್ದ 149 ಮಿಲಿಮೀಟರ್ ದಪ್ಪದ ಒತ್ತಡ ಪಾತ್ರೆ ನೀರು ತುಂಬಿ ಪರೀಕ್ಷಿಸುವಾಗಲೇ ಒಡೆಯಿತು. ಸುಮಾರು ಎರಡು ಟನ್ನಿನ ತುಂಡೊಂದು 46 ಮೀಟರ್ ದೂರ ಹಾರಿತು. ಒಂದು ತುದಿಯ ಬೆಸುಗೆಗೆ ಶಾಖೋಪಚಾರ ಸಾಕಷ್ಟು ತಗಲಿರಲಿಲ್ಲವೆಂಬುದು ತನಿಖೆಯಲ್ಲಿ ಕಂಡುಬಂತು.

ಇವೆಲ್ಲಕ್ಕೂ ಮೊದಲು ಕೈಯಲ್ಲಿರುವ ಉಕ್ಕು ಯಾವುದೆಂದು ತಿಳಿದಿರಬೇಕು, ಅದಕ್ಕೆ ಉಕ್ಕು ಕೊಳ್ಳುವವರು ಕಾರ್ಖಾನೆಯ ಟೆಸ್ಟ್ ಸರ್ಟಿಫಿಕೇಟ್ ಕೇಳಬೇಕು. ಅದರಲ್ಲಿರುವ ಹೀಟ್ ನಂಬರ್, ಅಂದರೆ ಉಕ್ಕು ಯಾವ ಕರಗಿಸುವಿಕೆಯದು ಎಂಬ ಗುರುತು, ಪ್ಲೇಟಿನ ಮೇಲಿನ ನಂಬರಿಗೆ ತಾಳೆಯಾಗಬೇಕು. ಪ್ಲೇಟು ಕತ್ತರಿಸುವ ಮೊದಲು ಆ ನಂಬರನ್ನು ತುಂಡಾಗಲಿರುವ ಪ್ರತಿ ಭಾಗದ ಮೇಲೂ ಬರೆದುಕೊಳ್ಳಬೇಕು.