ಗದ್ದೆ ಮುಚ್ಚಿದರೆ ಬಾವಿಯೂ ಬತ್ತೀತು

ಸ್ವಂತದ್ದೊಂದು ಮನೆ ಬೇಕೆಂಬ ಆಸೆ ಯಾರಿಗಿಲ್ಲ? ಮಕ್ಕಳು ದೊಡ್ಡವರಾಗುತ್ತಾರೆ, ಆಸ್ತಿ ಪಾಲಾಗುತ್ತದೆ, ಗಲ್ಫ್‌ನಿಂದ ಒಂದಿಷ್ಟು ಹಣ ಬರುತ್ತದೆ. ಪಾಲಿಗೆ ಬಂದದ್ದು ತಗ್ಗಿನ ಗದ್ದೆಯಾದರೆ, ಮಣ್ಣು ಸುರಿದು ಎತ್ತರಿಸಿದರಾಯಿತು ಎಂದು ಗಂಡಸರು ಲೆಕ್ಕ ಹಾಕುತ್ತಾರೆ. ಆದರೆ ಬೇಸಿಗೆಯಲ್ಲಿ ಬಾವಿ ಬತ್ತಿದಾಗ ಕೊಡ ಹಿಡಿದು ಹೊರಡುವವರು ಯಾರು? ಮನೆಯ ಹೆಂಗಸರೇ ತಾನೇ?

ಗದ್ದೆಯೆಂದರೆ ಅಕ್ಕಿ ಬೆಳೆಯುವ ಜಾಗ ಮಾತ್ರವಲ್ಲ. ಗುಡ್ಡದಿಂದ ಇಳಿದ ಮಳೆನೀರು ಬದುಗಳ ನಡುವೆ ತಂಗಿ, ಮೆಲ್ಲನೆ ಭೂಮಿಗೆ ಇಂಗುತ್ತದೆ. ಸುತ್ತಲಿನ ಬಾವಿಗಳಿಗೆ ಒರತೆಯಾಗಿ ಬರುವುದು ಇದೇ ನೀರು. ಚಟ್ನಿಗೆಂದು ನಾವು ಕೀಳುವ ಒಂದೆಲಗ, ತೋಡಿನ ಅಂಚನ್ನು ಬೇರಿನಿಂದ ಹಿಡಿದಿಡುವ ಕೇದಗೆ, ಇವೆಲ್ಲ ಈ ತೇವದಲ್ಲೇ ಬದುಕುತ್ತವೆ. ಮಣ್ಣು ತುಂಬಿಸಿದರೆ ಗಿಡವೂ ಹೋಯಿತು, ನೀರಿನ ದಾರಿಯೂ ಹೋಯಿತು. ಮಳೆಗಾಲದಲ್ಲಿ ಆ ನೀರು ಪಕ್ಕದವರ ಅಂಗಳಕ್ಕೆ ನುಗ್ಗುತ್ತದೆ.

ನೆರೆಯ ಕೇರಳ ಇದನ್ನು ಕಣ್ಣಾರೆ ಕಂಡಿದೆ. ಎಪ್ಪತ್ತರ ದಶಕದ ಮಧ್ಯದಲ್ಲಿ ಅಲ್ಲಿ ಸುಮಾರು 8.8 ಲಕ್ಷ ಹೆಕ್ಟೇರ್ ಭತ್ತದ ಗದ್ದೆಯಿತ್ತು. 2007-08ರ ಹೊತ್ತಿಗೆ ಉಳಿದದ್ದು ಸುಮಾರು 2.3 ಲಕ್ಷ ಹೆಕ್ಟೇರ್. ಆಗ ಎಚ್ಚೆತ್ತ ಸರಕಾರ 2008ರಲ್ಲಿ ಭತ್ತದ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣಾ ಕಾಯ್ದೆಯನ್ನು ತಂದಿತು. ಕಾಸರಗೋಡಿನ ಕನ್ನಡಿಗರ ಮನೆಗಳಿಗೂ ಇದು ಅನ್ವಯ.

ಈ ಕಾಯ್ದೆಯ ವಿಶೇಷವೇನು? ಕಾವಲು ಕೆಲಸವನ್ನು ಅದು ಹಳ್ಳಿಗೇ ಒಪ್ಪಿಸಿದೆ. ಪ್ರತಿ ಪಂಚಾಯತಿನಲ್ಲೂ ಒಂದು ಸಮಿತಿ. ಪಂಚಾಯತ್ ಅಧ್ಯಕ್ಷರೇ ಅದರ ಮುಖ್ಯಸ್ಥರು. ಕೃಷಿ ಅಧಿಕಾರಿ, ಗ್ರಾಮಾಧಿಕಾರಿ ಮತ್ತು ರೈತ ಪ್ರತಿನಿಧಿಗಳು ಸದಸ್ಯರು. ಊರಿನ ಗದ್ದೆ, ಜೌಗುಗಳ ಪಟ್ಟಿಯಾದ 'ಡಾಟಾ ಬ್ಯಾಂಕ್' ತಯಾರಿಸುವುದು ಈ ಸಮಿತಿಯ ಕೆಲಸ. ಪಟ್ಟಿಯಲ್ಲಿರುವ ಗದ್ದೆಯನ್ನು ಮನಬಂದಂತೆ ತುಂಬಿಸುವಂತಿಲ್ಲ; ತಪ್ಪಿದರೆ ಜೈಲು, ದಂಡ ಎರಡೂ ಉಂಟು.

ಹಾಗಾದರೆ ಬಡವನು ಮನೆ ಕಟ್ಟುವುದೆಲ್ಲಿ? ಕಾಯ್ದೆ ಇದನ್ನೂ ಯೋಚಿಸಿದೆ. ಬೇರೆ ಜಾಗವಿಲ್ಲದ ಮಾಲಕನಿಗೆ ವಾಸದ ಮನೆಗಾಗಿ ಪಂಚಾಯತಿನಲ್ಲಿ 10 ಸೆಂಟ್ಸ್, ನಗರದಲ್ಲಿ 5 ಸೆಂಟ್ಸ್‌ವರೆಗೆ ಅನುಮತಿ ಸಿಗಬಹುದು. ನೆರೆಯ ಗದ್ದೆಗೆ ನೀರು ಹರಿಯುವ ದಾರಿ ಮಾತ್ರ ಕೆಡಬಾರದು.

2018ರ ತಿದ್ದುಪಡಿ, ಪಟ್ಟಿಗೆ ಸೇರದ ಭೂಮಿಯನ್ನು ಶುಲ್ಕ ಕಟ್ಟಿ ಪರಿವರ್ತಿಸಲು ದಾರಿ ಮಾಡಿತು. ಆದುದರಿಂದ ಪಟ್ಟಿಯಿಂದ ಬಿಟ್ಟುಹೋದ ಗದ್ದೆ, ಕಾವಲು ತಪ್ಪಿದ ಗದ್ದೆಯೇ ಸರಿ.

ಕರಾವಳಿಯ ಕಾಂಡ್ಲಾ ಗಿಡಗಳ ಕತೆಯೂ ಹೀಗೆಯೇ. ಕಣ್ಣೂರು ಜಿಲ್ಲೆಯ ಕಲ್ಲೇನ್ ಪೊಕ್ಕುಡನ್ ಹೊಳೆಬದಿಯಲ್ಲಿ ಸಾವಿರಾರು ಕಾಂಡ್ಲಾ ಗಿಡಗಳನ್ನು ತನ್ನ ಕೈಯಾರೆ ನೆಟ್ಟರು. 2015ರಲ್ಲಿ ತೀರಿಕೊಳ್ಳುವವರೆಗೂ ಅದೇ ಅವರ ಕೆಲಸವಾಗಿತ್ತು. ಅಲೆಯ ಹೊಡೆತ ತಡೆದು, ಮೀನಿನ ಮರಿಗಳಿಗೆ ಆಸರೆ ಕೊಡುವ ಕಾಂಡ್ಲಾವನ್ನು ಕರಾವಳಿ ನಿಯಂತ್ರಣ ನಿಯಮಗಳೂ ರಕ್ಷಿಸುತ್ತವೆ.

ಕರ್ನಾಟಕದಲ್ಲಿ ಕೃಷಿಭೂಮಿಯನ್ನು ಬೇರೆ ಬಳಕೆಗೆ ಪರಿವರ್ತಿಸಲು 1964ರ ಭೂ ಕಂದಾಯ ಕಾಯ್ದೆಯಂತೆ ಅನುಮತಿ ಪಡೆಯಬೇಕು. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದೆ. ಆದರೆ 2017ರ ಕೇಂದ್ರದ ಜೌಗು ಭೂಮಿ ನಿಯಮಗಳು ಭತ್ತದ ಗದ್ದೆಯನ್ನು ಜೌಗೆಂದು ಪರಿಗಣಿಸುವುದಿಲ್ಲ. ಹೆಸರಾಂತ ಅಳಿವೆಗೆ ಸಿಗುವ ರಕ್ಷಣೆ ಮನೆ ಹಿಂದಿನ ಗದ್ದೆಗೆ ಸಿಗುವುದಿಲ್ಲ.

ಸಹೋದರಿಯರೇ, ಎರಡೂ ರಾಜ್ಯಗಳ ಪಂಚಾಯತ್‌ಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಗ್ರಾಮಸಭೆಗೆ ಹೋಗಿ. ನಮ್ಮ ಊರಿನ ಗದ್ದೆ, ತೋಡು, ಕೆರೆ ಯಾವ ಪಟ್ಟಿಯಲ್ಲಿವೆ ಎಂದು ಕೇಳಿ. ಜಾಗದ ಮುಂಗಡ ಕೊಡುವ ಮೊದಲು ದಾಖಲೆಯಲ್ಲಿ ಅದು ಗದ್ದೆಯೋ ಹಿತ್ತಲೋ ಎಂದು ನೋಡಲು ಮನೆಯವರಿಗೆ ಹೇಳಿ. ಆಸ್ತಿ ಪಾಲಾಗುವಾಗ ಎತ್ತರದ ಜಾಗ ಮನೆಗೆ, ತಗ್ಗು ನೀರಿಗೆ ಎಂದು ಒಂದು ಮಾತು ಆಡಿ. ಕಾನೂನು ಬಾಗಿಲಿಗೆ ಬರುವಷ್ಟರಲ್ಲಿ ಲಾರಿ ಮಣ್ಣು ಸುರಿದು ಹೋಗಿರುತ್ತದೆ. ಅದಕ್ಕೂ ಮುಂಚೆ ತಡೆಯಲು ಸಾಧ್ಯವಿರುವುದು ಮನೆಯೊಳಗಿನವರಿಗೆ ಮಾತ್ರ.