ದಡಾರ ಮತ್ತು ತರಗತಿಯ ಗಾಳಿ

ತರಗತಿಯಲ್ಲಿ ಒಬ್ಬರಿಗೆ ಜ್ವರ ಬಂದರೆ ಕೆಲವೇ ದಿನಗಳಲ್ಲಿ ಇನ್ನೂ ನಾಲ್ಕಾರು ಮಂದಿ ಗೈರುಹಾಜರಾಗುವುದನ್ನು ನೀವು ಗಮನಿಸಿರಬಹುದು. ಪಕ್ಕದಲ್ಲಿ ಕುಳಿತವರಿಗೆ ರೋಗ ಅಂಟುವುದು ಸಹಜ. ಆದರೆ ರೋಗಿಯೊಡನೆ ಮಾತನ್ನೂ ಆಡದವರಿಗೆ ಅದು ಹೇಗೆ ತಲುಪುತ್ತದೆ?

1974ರ ವಸಂತದಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಪ್ರಾಥಮಿಕ ಶಾಲೆಯೊಂದರಲ್ಲಿ ಎರಡನೆಯ ತರಗತಿಯ ಬಾಲಕಿಯೊಬ್ಬಳಿಗೆ ದಡಾರ ಬಂದಿತು. ಅವಳಿಂದ 28 ಮಕ್ಕಳಿಗೆ ಸೋಂಕು ತಗುಲಿತು. ಸೋಜಿಗವೆಂದರೆ, ಈ ಮಕ್ಕಳು ಕಲಿಯುತ್ತಿದ್ದುದು 14 ಬೇರೆ ಬೇರೆ ಕೊಠಡಿಗಳಲ್ಲಿ! ಪರಿಶೀಲಿಸಿದಾಗ ಸಂಶಯ ಬಲವಾಗಿ ಬಿದ್ದದ್ದು ಕಟ್ಟಡದ ಗಾಳಿ ಪೂರೈಕೆಯ ಯಂತ್ರದ ಮೇಲೆ. ಅದು ಒಳಗಿನ ಗಾಳಿಯನ್ನೇ ಮತ್ತೆ ಕೊಠಡಿಗಳಿಗೆ ಹರಿಸುತ್ತಿತ್ತು. ಒಟ್ಟು 60 ಮಕ್ಕಳು ರೋಗಕ್ಕೆ ತುತ್ತಾದರು.

ಕೆಮ್ಮಿದಾಗ ಹೊರಬೀಳುವ ದೊಡ್ಡ ಹನಿಗಳು ಬೇಗನೆ ನೆಲಕ್ಕಿಳಿಯುತ್ತವೆ. ಅತಿ ಸೂಕ್ಷ್ಮ ಕಣಗಳು ಹಾಗಲ್ಲ, ಹೊಗೆಯಂತೆ ತೇಲುತ್ತವೆ. ದಡಾರದ ರೋಗಿ ಹೊರಟುಹೋದ ಮೇಲೂ ಎರಡು ಗಂಟೆಯವರೆಗೆ ಆ ಕೊಠಡಿಯ ಗಾಳಿಯಲ್ಲಿ ವೈರಾಣು ಉಳಿಯಬಲ್ಲದು. ಕೈ ತೊಳೆಯುವುದು ಒಳ್ಳೆಯದೇ. ಆದರೆ ಉಸಿರಾಡುವ ಗಾಳಿಯನ್ನು ತೊಳೆಯಲಾಗದು, ಬದಲಾಯಿಸಬೇಕು. ಎದುರುಬದುರಿನ ಕಿಟಕಿಗಳನ್ನು, ಬಾಗಿಲನ್ನು ತೆರೆದಿಟ್ಟರೆ ಅದು ಸಾಧ್ಯ. ಕಿಟಕಿಗಳನ್ನೆಲ್ಲ ಮುಚ್ಚಿ ಫ್ಯಾನು ಹಾಕಿದರೆ ಒಳಗಿನ ಗಾಳಿಯೇ ಸುತ್ತುತ್ತಿರುತ್ತದೆ. ಮಳೆಗಾಲದಲ್ಲಿ ಇರಚಲು ಬಡಿಯುವ ಬದಿಯನ್ನು ಮುಚ್ಚಿ, ಇನ್ನೊಂದು ಬದಿಯನ್ನಾದರೂ ತೆರೆದಿಡಬಹುದಲ್ಲವೇ?

ಆ ಶಾಲೆಯಲ್ಲಿ ನೂರಕ್ಕೆ 97 ಮಕ್ಕಳಿಗೆ ಲಸಿಕೆ ಹಾಕಲಾಗಿತ್ತು. ಹಾಗಾದರೆ ಲಸಿಕೆ ನಿಷ್ಪ್ರಯೋಜಕವೇ? ಖಂಡಿತ ಅಲ್ಲ. ಅವರಲ್ಲಿ ಅನೇಕರಿಗೆ ವರ್ಷ ತುಂಬುವ ಮೊದಲೇ ಲಸಿಕೆ ಕೊಡಲಾಗಿತ್ತು. ಆಗ ತಾಯಿಯಿಂದ ಬಂದ ರಕ್ಷಣೆ ಶಿಶುವಿನ ದೇಹದಲ್ಲಿ ಇನ್ನೂ ಉಳಿದಿದ್ದರೆ ಲಸಿಕೆ ಪೂರ್ಣ ಫಲ ನೀಡದಿರಬಹುದು. ನಮ್ಮ ದೇಶದಲ್ಲಿ 9 ತಿಂಗಳು ತುಂಬಿದ ಮೇಲೆ ಮೊದಲನೆಯ ಡೋಸು ಕೊಟ್ಟು, 16ರಿಂದ 24 ತಿಂಗಳೊಳಗೆ ಎರಡನೆಯದನ್ನು ಕೊಡುವುದು ಇಂಥ ಕೊರತೆಯನ್ನು ತುಂಬಲೆಂದೇ. 2017ರ ಫೆಬ್ರವರಿಯಲ್ಲಿ ಆರಂಭವಾದ ದಡಾರ–ರುಬೆಲ್ಲಾ ಅಭಿಯಾನದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅಂದು 9 ತಿಂಗಳಿಂದ 15 ವರ್ಷದೊಳಗಿನವರಿಗೆ ಲಸಿಕೆ ಹಾಕಲಾಯಿತು. ನಿಮ್ಮಲ್ಲಿ ಕೆಲವರು ಆಗ ಶಾಲೆಯಲ್ಲೇ ಸಾಲಿನಲ್ಲಿ ನಿಂತು ತೋಳು ಚಾಚಿರಬಹುದು.

ದಡಾರ ಸಣ್ಣ ಕಾಯಿಲೆಯಲ್ಲ. ನ್ಯುಮೋನಿಯಾಕ್ಕೆ, ಒಮ್ಮೊಮ್ಮೆ ಮಿದುಳಿನ ಉರಿಯೂತಕ್ಕೂ ಅದು ತಿರುಗಬಲ್ಲದು. ನಮ್ಮ ಹಳ್ಳಿಗಳಲ್ಲಿ ‘ಅಮ್ಮ ಬಂದಿದ್ದಾಳೆ’ ಎಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ ಮಗುವನ್ನು ಮನೆಯಲ್ಲೇ ಇರಿಸುವ ರೂಢಿಯುಂಟು. ಮಗುವನ್ನು ಪ್ರತ್ಯೇಕವಾಗಿರಿಸುವುದು ಸರಿ. ವೈದ್ಯರಿಗೆ ತೋರಿಸದಿರುವುದು ಸರಿಯಲ್ಲ.

ತೊಡಕು ಇನ್ನೊಂದಿದೆ. ಗುಳ್ಳೆ ಕಾಣಿಸುವ ನಾಲ್ಕು ದಿನ ಮೊದಲೇ ರೋಗಿಯಿಂದ ಸೋಂಕು ಹರಡತೊಡಗುತ್ತದೆ. ಆಗ ಇರುವುದು ಜ್ವರ, ಕೆಮ್ಮು, ಸೋರುವ ಮೂಗು, ಕೆಂಪಾದ ಕಣ್ಣು ಅಷ್ಟೆ. ‘ಬರೀ ನೆಗಡಿ’ ಎಂದು ಶಾಲೆಗೆ ಬರುವುದು ಈ ದಿನಗಳಲ್ಲೇ. ಹಾಜರಿ ಕಡಿಮೆಯಾದೀತೆಂಬ ಭಯವೂ ಇದಕ್ಕೆ ಕಾರಣ. ಒಂದು ದಿನವೂ ತಪ್ಪಿಸದವರಿಗೆ ಬಹುಮಾನ ಕೊಡುವ ಶಾಲೆಗಳು ಈ ಪದ್ಧತಿಯನ್ನು ಮರುಚಿಂತಿಸುವುದು ಲೇಸು. ಜ್ವರವಿದ್ದ ದಿನ ಮನೆಯಲ್ಲಿರಿ. ದಡಾರವೆಂದು ಗೊತ್ತಾದರೆ ಗುಳ್ಳೆ ಎದ್ದ ಮೇಲೆ ನಾಲ್ಕು ದಿನ ಕಳೆಯುವವರೆಗೆ ತರಗತಿಗೆ ಬರಬೇಡಿ. ತಪ್ಪಿದ ಪಾಠದ ನೋಟ್ಸನ್ನು ಗೆಳೆಯರು ಬರೆದುಕೊಟ್ಟಾರು.