ಅಂಧರಿಗೆ ಉದ್ಯೋಗ

ಕಣ್ಣಿಲ್ಲದವನಿಗೆ ಕಾಸು ಕೊಡುವುದು ಪುಣ್ಯವೆಂದು ನಮ್ಮ ಜನರು ಬಲ್ಲರು. ಕೆಲಸ ಕೊಡುವುದು ನ್ಯಾಯವೆಂಬುದನ್ನು ಇನ್ನೂ ಅರಿಯಬೇಕಾಗಿದೆ. ಗದಗಿನ ವೀರೇಶ್ವರ ಪುಣ್ಯಾಶ್ರಮವು ಈ ಪಾಠವನ್ನು ಬಹುಕಾಲದ ಹಿಂದೆಯೇ ಕಲಿಸಿತು. ಸ್ವತಃ ಅಂಧರಾಗಿದ್ದ ಪಂಚಾಕ್ಷರ ಗವಾಯಿಗಳೂ, ಅವರ ತರುವಾಯ ಪುಟ್ಟರಾಜ ಗವಾಯಿಗಳೂ ಅಂಧ ಬಾಲಕರಿಗೆ ಅನ್ನದೊಡನೆ ಸಂಗೀತವಿದ್ಯೆಯನ್ನಿತ್ತು, ಸ್ವಂತ ದುಡಿಮೆಯಿಂದ ಬಾಳುವ ದಾರಿಯನ್ನು ತೋರಿದರು.

ಆದರೆ ಅಂಧರೆಲ್ಲರೂ ಗಾಯಕರೇ ಆಗಬೇಕೆಂಬ ನಿಯಮವುಂಟೆ? 1995ರ ಕಾಯಿದೆಯು ಸರಕಾರಿ ನೌಕರಿಗಳಲ್ಲಿ ನೂರಕ್ಕೆ ಒಂದನ್ನಾದರೂ ಅಂಧರಿಗೂ ಮಂದದೃಷ್ಟಿಯವರಿಗೂ ಮೀಸಲಿರಿಸಿತು. 2016ರ ಕಾಯಿದೆಯು ಅದನ್ನು ಉಳಿಸಿಕೊಂಡಿತು. ತಕ್ಕ ಹುದ್ದೆಗಳನ್ನು ಇನ್ನೂ ಗುರುತಿಸಿಲ್ಲವೆಂಬ ನೆಪದಿಂದ ಈ ಹಕ್ಕನ್ನು ತಡೆಯಲಾಗದೆಂದು 2010ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ದೃಷ್ಟಿಯಿಲ್ಲವೆಂಬ ಕಾರಣದಿಂದಲೇ ನ್ಯಾಯಾಧೀಶರ ಹುದ್ದೆಯನ್ನು ನಿರಾಕರಿಸಕೂಡದೆಂದು 2025ರ ಮಾರ್ಚಿಯಲ್ಲಿ ಅದೇ ನ್ಯಾಯಾಲಯವು ಹೇಳಿತು. ಬರೆದುದನ್ನು ಓದಿ ಹೇಳುವ ಯಂತ್ರಗಳಿರುವ ಈ ಕಾಲದಲ್ಲಿ, ನ್ಯಾಯಪೀಠಕ್ಕೆ ಸಲ್ಲುವವನು ಗುಮಾಸ್ತೆಯ ಕುರ್ಚಿಗೆ ಸಲ್ಲನೆ?

ಸರಕಾರಿ ಸೇವೆಯಲ್ಲಿರುವಾಗ ದೃಷ್ಟಿ ಕಳೆದುಕೊಂಡವರಿಗೂ ಒಂದು ಮಾತು. ಅಂಥವರನ್ನು ಕೆಲಸದಿಂದ ತೆಗೆಯಕೂಡದು, ದರ್ಜೆ ಇಳಿಸಕೂಡದು. ಹಿಂದಿನ ಕೆಲಸ ಸಾಗದಿದ್ದರೆ ಅದೇ ವೇತನಶ್ರೇಣಿಯ ಬೇರೆ ಹುದ್ದೆಗೆ ಹಾಕಬೇಕೆಂದು 2016ರ ಕಾಯಿದೆಯ 20ನೆಯ ಕಲಮು ವಿಧಿಸಿದೆ. ಇದನ್ನರಿಯದೆ ಯಾರೂ ರಾಜೀನಾಮೆಗೆ ರುಜು ಹಾಕದಿರಲಿ.

ಅಧಿಕಾರಿವರ್ಗದಲ್ಲಿ ನಮ್ಮ ಬಿನ್ನಹವಿಷ್ಟೆ: ಮೀಸಲು ಸ್ಥಾನಗಳ ಪಟ್ಟಿಯನ್ನು ತೆಗೆದು ನೋಡಿರಿ, ಖಾಲಿಯಿದ್ದುದನ್ನು ತುಂಬಿರಿ. ಭಿಕ್ಷೆಯಿಂದ ಒಂದು ಹೊತ್ತು ಕಳೆದೀತು. ಸಂಬಳದಿಂದ ಒಂದು ಸಂಸಾರ ನಿಲ್ಲುವುದು.